ಪ್ರಶ್ನೋತ್ತರ: ಪದವಿ ಪಡೆದು ವರ್ಷಗಳಾದವರಿಗೆ ಉದ್ಯೋಗ ಮಾರ್ಗದರ್ಶನ

ನಿರ್ವಾಹಕರು: ಕಲಬುರಗಿಯಲ್ಲಿ ಬಹುಕಾಲ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಉದ್ಯೋಗ ಮಾರ್ಗದರ್ಶನ ನೀಡಿ ಈಗ ನಿವೃತ್ತರಾಗಿರುವ ಹಿರಿಯರೊಬ್ಬರು ಈ ಭಾನುವಾರ ನಮ್ಮ ಬಳಗದ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ಊರು, ಪದವಿ, ತೇರ್ಗಡೆಯಾದ ವರ್ಷ ಇಷ್ಟನ್ನು ಬರೆದು ಪ್ರಶ್ನೆ ಕೇಳಬೇಕು. ಹೆಸರು ಮತ್ತು ಫೋನ್ ಸಂಖ್ಯೆ ಬರೆಯಬಾರದು.

ಚಿಂಚೋಳಿ, ಬಿ.ಎ., 2021: ಕಲ್ಯಾಣ ಕರ್ನಾಟಕ ಭಾಗದವರಿಗೆ ಸಂವಿಧಾನದ ವಿಧಿಯಂತೆ ಇರುವ ಮೀಸಲಾತಿಯ 371(ಜೆ) ಪ್ರಮಾಣಪತ್ರವನ್ನು ಯಾರು ಕೊಡುತ್ತಾರೆ, ಅದರಿಂದ ಎಷ್ಟು ಮೀಸಲಾತಿ ಸಿಗುತ್ತದೆ ಎಂಬುದನ್ನು ದಯವಿಟ್ಟು ತಿಳಿಸಿರಿ. ನಮ್ಮ ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಮಾರ್ಗದರ್ಶಕರು: ಪ್ರಮಾಣಪತ್ರ ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು. ನಿಮ್ಮ ತಾಲ್ಲೂಕಿಗೆ ಸೇಡಂ ಉಪವಿಭಾಗದ ಕಚೇರಿ. 2013ರ ಆದೇಶದ ಪ್ರಕಾರ ಸ್ಥಳೀಯ ವೃಂದದ, ಎಂದರೆ ನಮ್ಮ ಭಾಗದ ಕಚೇರಿಗಳಿಗೇ ಸೇರಿದ, ಹುದ್ದೆಗಳಲ್ಲಿ 'ಬಿ' ಗುಂಪಿಗೆ ಶೇ 75, 'ಸಿ' ಗುಂಪಿಗೆ ಶೇ 80, 'ಡಿ' ಗುಂಪಿಗೆ ಶೇ 85 ಮೀಸಲಿದೆ, ರಾಜ್ಯಮಟ್ಟದ ಹುದ್ದೆಗಳಲ್ಲಿ ಶೇ 8 ಇದೆ. ಅರ್ಜಿ ತುಂಬುವಾಗ ಸ್ಥಳೀಯ ವೃಂದವನ್ನು ಕೋರಿರುವುದಾಗಿ ಗುರುತು ಮಾಡದೆ ಬಿಟ್ಟವರಿಗೆ ಪ್ರಮಾಣಪತ್ರ ಕೈಯಲ್ಲಿದ್ದರೂ ಉಪಯೋಗವಾಗುವುದಿಲ್ಲ. ಪ್ರತಿ ನೇಮಕಾತಿಯಲ್ಲೂ ಈ ಒಂದು ಗುರುತಿಗಾಗಿ ಹುದ್ದೆ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಶಹಾಪುರ, ಬಿ.ಎ., 1996: ಶಹಾಪುರದಲ್ಲೇ ಕನ್ನಡ, ಇತಿಹಾಸ, ರಾಜ್ಯಶಾಸ್ತ್ರ ಓದಿ ತೇರ್ಗಡೆಯಾದವನು ನಾನು. ಆಮೇಲೆ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದೆ. ಕೊರೊನಾ ಕಾಲದಲ್ಲಿ ಆ ಶಾಲೆ ಮುಚ್ಚಿತು. ಈಗ ಖಾಸಗಿ ವಿದ್ಯಾರ್ಥಿನಿಲಯವೊಂದರಲ್ಲಿ ಮೇಲ್ವಿಚಾರಕನ ಕೆಲಸ ಕೊಡುತ್ತೇವೆ, ಪದವಿ ಪ್ರಮಾಣಪತ್ರ ತನ್ನಿ ಎನ್ನುತ್ತಿದ್ದಾರೆ. ನನ್ನ ಬಳಿ ಅಂಕಪಟ್ಟಿಗಳಷ್ಟೇ ಇವೆ, ಘಟಿಕೋತ್ಸವಕ್ಕೆ ಅಂದು ಅರ್ಜಿಯನ್ನೇ ಹಾಕಿರಲಿಲ್ಲ. ನಮ್ಮ ಯಾದಗಿರಿ ಜಿಲ್ಲೆಯ ಕಾಲೇಜುಗಳು ಈಗ ರಾಯಚೂರಿನ ವಿಶ್ವವಿದ್ಯಾಲಯಕ್ಕೆ ಸೇರಿವೆ. ನಾನು ರಾಯಚೂರಿಗೆ ಹೋಗಬೇಕೋ, ಕಲಬುರಗಿಗೆ ಬರಬೇಕೋ?

ಮಾರ್ಗದರ್ಶಕರು: ಕಲಬುರಗಿಗೆ ಬನ್ನಿರಿ. ಕಾಲೇಜು ಇಂದು ಯಾರ ಅಧೀನದಲ್ಲಿದೆ ಎಂಬುದು ಮುಖ್ಯವಲ್ಲ, ನೀವು ಪರೀಕ್ಷೆ ಬರೆದಾಗ ಅದನ್ನು ನಡೆಸಿದವರು ಯಾರು ಎಂಬುದು ಮುಖ್ಯ. 1996ರಲ್ಲಿ ಯಾದಗಿರಿ ಎಂಬ ಜಿಲ್ಲೆಯೇ ಇರಲಿಲ್ಲ, ಅದು ಆದದ್ದು 2009ರ ಕೊನೆಯಲ್ಲಿ. ನಿಮ್ಮ ದಾಖಲೆ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣದಲ್ಲಿದೆ. ಮೌಲ್ಯಮಾಪನ ಕುಲಸಚಿವರ ಕಚೇರಿಯಲ್ಲಿ ವಿಳಂಬ ಶುಲ್ಕದೊಂದಿಗೆ ಅರ್ಜಿ ಕೊಡಬೇಕು, ಮೂರು ವರ್ಷಗಳ ಅಂಕಪಟ್ಟಿಗಳನ್ನೂ ಅವುಗಳ ನಕಲನ್ನೂ ಒಯ್ಯಬೇಕು. ಬೀದರಿನವರಿಗೂ ಇದೇ ಮಾತು ಅನ್ವಯಿಸುತ್ತದೆ: ಬೀದರ್ ವಿಶ್ವವಿದ್ಯಾಲಯ ಮೊನ್ನೆ ಮೊನ್ನೆ ಹುಟ್ಟಿದ್ದು, ಅದಕ್ಕೂ ಮೊದಲು ಪದವಿ ಪಡೆದವರ ಕಡತಗಳು ಕಲಬುರಗಿಯಲ್ಲೇ ಇವೆ.

ಹೊರಡುವ ಮೊದಲು ಮನೆಯಲ್ಲಿ ಕುಳಿತು ಒಂದು ಕೆಲಸ ಮಾಡಿರಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪದವಿ ಅಂಕಪಟ್ಟಿ, ಆಧಾರ್ ಮೂರನ್ನೂ ಪಕ್ಕಪಕ್ಕದಲ್ಲಿ ಇಟ್ಟು ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿರಿ. ನಮ್ಮ ಕಡೆ ಒಂದರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಇನ್ನೊಂದರಲ್ಲಿ ಕೊನೆಗೆ ಬರುತ್ತದೆ, ಮತ್ತೊಂದರಲ್ಲಿ 'ಅಪ್ಪ' ಎಂಬುದೇ ಬಿಟ್ಟುಹೋಗಿರುತ್ತದೆ. ಪದವಿ ದಾಖಲೆಯ ತಪ್ಪನ್ನು ಎಸ್ಸೆಸ್ಸೆಲ್ಸಿ ದಾಖಲೆಯ ಆಧಾರದ ಮೇಲೆ ತಿದ್ದಿಸಬಹುದು. ಪ್ರಮಾಣಪತ್ರ ಮುದ್ರಣವಾದ ಮೇಲೆ ತಿದ್ದಿಸಲು ಹೊರಟರೆ ಮತ್ತೆ ಮೊದಲಿನಿಂದ ಅಲೆಯಬೇಕಾಗುತ್ತದೆ. ನಿಮ್ಮ ಹಳೆಯ ಶಾಲೆಯ ಆಡಳಿತ ಮಂಡಳಿಯವರು ಇನ್ನೂ ಊರಿನಲ್ಲಿದ್ದರೆ ಅವರಿಂದ ಸೇವಾ ಪ್ರಮಾಣಪತ್ರವನ್ನೂ ಬರೆಸಿಕೊಳ್ಳಿರಿ. ನಿಮಗೆ ಆ ಕೆಲಸ ಕೊಡುವವರು ನೋಡಬೇಕಾದದ್ದು ಮಕ್ಕಳ ನಡುವೆ ನೀವು ಕಳೆದ ಆ ವರ್ಷಗಳನ್ನೇ.

ಕಲಬುರಗಿ, ಬಿ.ಕಾಂ., 2012: ನಮ್ಮ ಅತ್ತೆಯವರು 1978ರಲ್ಲಿ ಇಲ್ಲಿಯೇ ಬಿ.ಎಸ್ಸಿ. ಮುಗಿಸಿದವರು. ಅವರ ದಾಖಲೆಯೂ ಜ್ಞಾನಗಂಗೆಯಲ್ಲೇ ಇರುತ್ತದೆಯೇ?

ಮಾರ್ಗದರ್ಶಕರು: ಇಲ್ಲ. ಗುಲಬರ್ಗಾ ವಿಶ್ವವಿದ್ಯಾಲಯ ಆರಂಭವಾದದ್ದು 1980ರಲ್ಲಿ. ಅದಕ್ಕೂ ಮೊದಲಿನವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ವಿಚಾರಿಸಬೇಕು.

ಜೇವರ್ಗಿ, ಬಿ.ಎ., 2016: ನಿರುದ್ಯೋಗಿಗಳಿಗೆ ರಾಜ್ಯ ಸರ್ಕಾರ ಕೊಡುವ ಯುವನಿಧಿ ಹಣ ನನಗೆ ಬರುತ್ತದೆಯೇ? 2016ರವರಿಗೂ ಬರುತ್ತದೆ ಎಂದು ಒಂದು ಸಂದೇಶ ಬಂದಿದೆ.

ಮಾರ್ಗದರ್ಶಕರು: ಬರುವುದಿಲ್ಲ. 2022-23ರಿಂದ ಈಚೆಗೆ ತೇರ್ಗಡೆಯಾಗಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ಆ ಯೋಜನೆ. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಅದೂ ಹೆಚ್ಚೆಂದರೆ ಎರಡು ವರ್ಷ. ಸಂದೇಶದಲ್ಲಿ ಇರುವ ಕೊಂಡಿಯನ್ನು ಒತ್ತಬೇಡಿರಿ. ಅರ್ಜಿ ಹಾಕಲು ಸರ್ಕಾರದ ಸೇವಾಸಿಂಧು ತಾಣ ಒಂದೇ ದಾರಿ.

ಭಾಲ್ಕಿ, ಎಂ.ಎ., 2015: ಮನೆಯಲ್ಲೇ ಕುಳಿತು ಆರು ತಿಂಗಳಲ್ಲಿ ಆನ್‌ಲೈನ್ ಪಿಎಚ್.ಡಿ. ಮಾಡಿಸುತ್ತೇವೆ ಎಂಬ ಈ ಸಂದೇಶ ನಮ್ಮ ಮೂರು ಗುಂಪುಗಳಲ್ಲಿ ಬಂದಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಮಾನ್ಯತೆ ಇದೆ ಎಂದು ಬರೆದಿದ್ದಾರೆ. ಒಂದು ಲಕ್ಷದ ಮೂವತ್ತು ಸಾವಿರ ಕೇಳುತ್ತಿದ್ದಾರೆ. ಇದನ್ನು ಮಾಡಿಕೊಂಡರೆ ಅತಿಥಿ ಉಪನ್ಯಾಸಕರ ಪಟ್ಟಿಯಲ್ಲಿ ಅಂಕ ಹೆಚ್ಚಾಗುತ್ತದೆಯೇ?

ಮಾರ್ಗದರ್ಶಕರು: ಮೂರು ಗುಂಪುಗಳಲ್ಲಿ ಬಂದ ಮಾತ್ರಕ್ಕೆ ಸುಳ್ಳು ನಿಜವಾಗುವುದಿಲ್ಲ. ಯುಜಿಸಿಯ 2022ರ ನಿಯಮಾವಳಿಯಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ ಬೇಕು, ಕೋರ್ಸ್‌ವರ್ಕ್ ಕಡ್ಡಾಯ, ಆನ್‌ಲೈನ್ ಅಥವಾ ದೂರಶಿಕ್ಷಣದ ಮೂಲಕ ಪಿಎಚ್.ಡಿ. ಮಾಡಲು ಅವಕಾಶವೇ ಇಲ್ಲ. ಆರು ತಿಂಗಳಲ್ಲಿ ಕೈಗೆ ಬರುವ ಕಾಗದವನ್ನು ಪರಿಶೀಲನೆಗೆ ಕೊಟ್ಟ ದಿನ ನಿಮ್ಮ ನಿಜವಾದ ಎಂ.ಎ. ಪದವಿಯ ಮೇಲೂ ಸಂಶಯ ಬೀಳುತ್ತದೆ. 2023ರ ಜುಲೈಯಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್.ಡಿ. ಕಡ್ಡಾಯವಲ್ಲ, ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್ ಸಾಕು. ನೆಟ್‌ಗೆ ವಯಸ್ಸಿನ ಮಿತಿಯೂ ಇಲ್ಲ. ಆ ಹಣದ ಹತ್ತನೆಯ ಒಂದು ಪಾಲನ್ನು ಪುಸ್ತಕಗಳಿಗೆ ಖರ್ಚು ಮಾಡಿ ಕುಳಿತು ಓದಿರಿ.

ಭಾಲ್ಕಿ, ಎಂ.ಎ., 2015: ಆದರೆ ನಮ್ಮ ಪರಿಚಿತರೊಬ್ಬರು ಹಾಗೆಯೇ ಮಾಡಿಕೊಂಡಿದ್ದಾರೆ, ಇಂದಿಗೂ ಕೆಲಸದಲ್ಲಿದ್ದಾರೆ.

ಮಾರ್ಗದರ್ಶಕರು: ನನ್ನ ಉತ್ತರ ಮೇಲಿದೆ.

ಹುಮನಾಬಾದ್, ಬಿ.ಎಸ್ಸಿ. ನರ್ಸಿಂಗ್, 2019: ಸೌದಿಗೆ ಹೋಗಲು ಏಜೆಂಟರು ಎರಡೂವರೆ ಲಕ್ಷ ಕೇಳುತ್ತಿದ್ದಾರೆ. ಇದು ಸರಿಯಾದ ಮೊತ್ತವೇ?

ಮಾರ್ಗದರ್ಶಕರು: ಅಲ್ಲ. ನೋಂದಾಯಿತ ಏಜೆಂಟರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಏಜೆಂಟರ ನೋಂದಣಿ ಸಂಖ್ಯೆಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೀವೇ ನೋಡಿರಿ. ಅಲ್ಲಿ ಇಲ್ಲದವರಿಗೆ ಪಾಸ್‌ಪೋರ್ಟ್ ಕೊಡಬೇಡಿರಿ.

ಕಲಬುರಗಿ, ಬಿ.ಎಸ್ಸಿ., 2020: 371(ಜೆ) ಪ್ರಮಾಣಪತ್ರ ಎಲ್ಲಿ ಸಿಗುತ್ತದೆ?

ಮಾರ್ಗದರ್ಶಕರು: ಮೊದಲನೆಯ ಉತ್ತರ ಓದಿರಿ.

ಸೇಡಂ ತಾಲ್ಲೂಕು, ಎಂ.ಎಸ್ಸಿ. ರಸಾಯನಶಾಸ್ತ್ರ, 2017: ನನಗೀಗ ಮೂವತ್ತೊಂದು ವರ್ಷ. ಪದವಿ ಮುಗಿದ ಮೇಲೆ ಎರಡು ವರ್ಷ ಧಾರವಾಡದ ಸಪ್ತಾಪುರದಲ್ಲಿ, ಆಮೇಲೆ ಕಲಬುರಗಿಯಲ್ಲಿ ಕೋಣೆ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ), ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಎಲ್ಲವನ್ನೂ ಬರೆದಿದ್ದೇನೆ. ಎರಡು ಸಲ ಕೆಲವೇ ಅಂಕಗಳಲ್ಲಿ ಹೋಯಿತು. ಪರಿಚಿತರ ಮೂಲಕ ಬಂದ ಒಬ್ಬರು ಮುಂದಿನ ನೇಮಕಾತಿಯಲ್ಲಿ ಹುದ್ದೆ ಖಚಿತ ಎಂದು ಹದಿನೆಂಟು ಲಕ್ಷ ಕೇಳಿದ್ದಾರೆ. ನಂಬಿಕೆಗೆಂದು ನನ್ನ ಮೂಲ ಅಂಕಪಟ್ಟಿಗಳನ್ನೂ ತಂದೆಯವರ ಸಹಿ ಇರುವ ಎರಡು ಖಾಲಿ ಚೆಕ್‌ಗಳನ್ನೂ ತೆಗೆದುಕೊಂಡಿದ್ದಾರೆ. ಮೊದಲ ಕಂತಿಗಾಗಿ ತಂದೆಯವರು ತೊಗರಿ ಬೆಳೆಯುವ ಹೊಲವನ್ನು ಅಡವಿಡಲು ಮುಂದಿನ ವಾರ ಹೋಗುವವರಿದ್ದಾರೆ. ನನಗೆ ಹೆದರಿಕೆಯಾಗುತ್ತಿದೆ. ಬೇಡವೆಂದರೆ ಇಷ್ಟು ವರ್ಷ ಓದಿ ಏನು ಮಾಡಿದೆ ಎಂದು ಮನೆಯಲ್ಲಿ ಕೇಳುತ್ತಾರೆ. ಏನು ಮಾಡಲಿ?

ಮಾರ್ಗದರ್ಶಕರು: ತಂಗಿ, ಉಳಿದ ಪ್ರಶ್ನೆಗಳನ್ನು ಬದಿಗಿಟ್ಟು ಇದಕ್ಕೆ ಉತ್ತರಿಸುತ್ತಿದ್ದೇನೆ. ಸಾಧ್ಯವಾದರೆ ಇದನ್ನು ಇಂದು ರಾತ್ರಿಯೇ ನಿಮ್ಮ ತಂದೆಯವರ ಮುಂದೆ ಕುಳಿತು ಓದಿರಿ.

ಹೊಲವನ್ನು ಅಡವಿಡಬಾರದು. ಒಂದು ರೂಪಾಯಿಯನ್ನೂ ಕೊಡಬಾರದು. ಹೀಗೆ ಖಚಿತ ಹುದ್ದೆ ಎಂದವರ ಕಥೆ ಏನಾಯಿತು ಎಂಬುದನ್ನು ನಮ್ಮ ಊರು ಕಣ್ಣಾರೆ ಕಂಡಿದೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆಯ ಅಕ್ರಮ ಬಯಲಾದದ್ದು ಕಲಬುರಗಿಯ ಒಂದು ಕೇಂದ್ರದಿಂದ. ಮಾಡಿಸಿದವರ ಜೊತೆಗೆ ಹಣ ಕೊಟ್ಟ ಅಭ್ಯರ್ಥಿಗಳೂ ಜೈಲು ಕಂಡರು, ಇಡೀ ಪಟ್ಟಿ ರದ್ದಾಯಿತು, ಪ್ರಾಮಾಣಿಕವಾಗಿ ಬರೆದು ಆಯ್ಕೆಯಾಗಿದ್ದವರು 2024ರ ಜನವರಿಯ ಮರುಪರೀಕ್ಷೆಯವರೆಗೆ ಕಾಯಬೇಕಾಯಿತು. 2023ರ ಅಕ್ಟೋಬರ್‌ನ ಎಫ್‌ಡಿಎ ಪರೀಕ್ಷೆಯಲ್ಲಿ ಬ್ಲೂಟೂತ್ ಹಿಡಿದು ಸಿಕ್ಕಿಬಿದ್ದವರು ಕಲಬುರಗಿ ಮತ್ತು ಯಾದಗಿರಿಯ ಕೇಂದ್ರಗಳಲ್ಲಿದ್ದರು. ಅವರೂ ನಿಮ್ಮಂತೆ ವರ್ಷಗಟ್ಟಲೆ ಓದಿದವರೇ ಇರಬೇಕು, ಅವರ ಮನೆಗಳಲ್ಲೂ ಯಾರೋ ಹೊಲ ಅಡವಿಟ್ಟಿರಬೇಕು. ಅದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈಗ ಮಾಡಬೇಕಾದದ್ದು. ನಾಳೆ ಬೆಳಿಗ್ಗೆ ತಂದೆಯವರು ಬ್ಯಾಂಕಿಗೆ ಹೋಗಿ ಆ ಎರಡು ಚೆಕ್‌ಗಳ ಸಂಖ್ಯೆ ಬರೆದು ಪಾವತಿ ತಡೆಯಲು ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಲಿ. ಪಾವತಿ ತಡೆದ ಮಾತ್ರಕ್ಕೆ ಎಲ್ಲ ಮುಗಿಯಿತೆಂದು ತಿಳಿಯಬಾರದು. ಆ ಮನುಷ್ಯ ಚೆಕ್ ಹಾಕಿ ಅದು ಮರಳಿದರೆ ನೋಟಿಸ್ ಕಳಿಸಬಹುದು, ಅದಕ್ಕೆ 15 ದಿನಗಳೊಳಗೆ ವಕೀಲರ ಮೂಲಕ ಉತ್ತರ ಹೋಗಲೇಬೇಕು. ಎರಡನೆಯದು, ಅವನು ಒಯ್ದ ಪ್ರತಿಯೊಂದು ಅಂಕಪಟ್ಟಿಯ ನೋಂದಣಿ ಸಂಖ್ಯೆ ಮತ್ತು ವರ್ಷವನ್ನು ಒಂದು ಕಾಗದದಲ್ಲಿ ಬರೆದು, ಅವನು ಕಳಿಸಿದ ಸಂದೇಶಗಳನ್ನು ಅಳಿಸದೆ ಉಳಿಸಿಕೊಂಡು, ಠಾಣೆಯಲ್ಲಿ ಲಿಖಿತ ದೂರು ಕೊಡಿರಿ. ಅಂಕಪಟ್ಟಿ ಕಳೆದುಹೋಗಿದೆ ಎಂದು ಸುಳ್ಳು ದೂರು ಕೊಟ್ಟು ನಕಲು ಪಡೆಯಿರಿ ಎಂದು ಯಾರಾದರೂ ಸಲಹೆ ಕೊಟ್ಟಾರು, ಆ ದಾರಿ ಹಿಡಿಯಬೇಡಿರಿ. ಅವು ಕಳೆದಿಲ್ಲ, ಒಬ್ಬನ ಕೈಯಲ್ಲಿವೆ. ನಡೆದದ್ದನ್ನು ನಡೆದ ಹಾಗೆಯೇ ಬರೆಯಿರಿ.

ಇನ್ನು ನಿಮ್ಮ ಓದಿನ ವಿಷಯ. ಇಷ್ಟು ವರ್ಷ ಓದಿ ಏನು ಮಾಡಿದೆ ಎಂದು ಕೇಳುವವರಿಗೆ ನೀವು ರಸಾಯನಶಾಸ್ತ್ರದ ಸ್ನಾತಕೋತ್ತರ ಪದವೀಧರೆ ಎಂಬುದು ಮರೆತುಹೋಗಿದೆ, ನಿಮಗೂ ಮರೆತಂತಿದೆ. ನಿಮ್ಮ ಊರಿನ ಸುತ್ತ ನೆಲದಡಿ ಇರುವುದೆಲ್ಲ ಸುಣ್ಣದ ಕಲ್ಲು. ಸೇಡಂ, ಮಳಖೇಡ, ವಾಡಿಗಳಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. ಪ್ರತಿಯೊಂದರ ಪ್ರಯೋಗಾಲಯದಲ್ಲೂ ರಾತ್ರಿ ಹಗಲು ಪಾಳಿಯಲ್ಲಿ ಕೆಮಿಸ್ಟ್‌ಗಳು ಕೆಲಸ ಮಾಡುತ್ತಾರೆ. ಗೂಡಿನಿಂದ ಬಂದ ಕ್ಲಿಂಕರನ್ನು, ಎಂದರೆ ಅರೆಯುವ ಮೊದಲಿನ ಸಿಮೆಂಟ್ ಗಟ್ಟಿಗಳನ್ನು, ನುಣ್ಣಗೆ ಅರೆದು, ಎಥಿಲೀನ್ ಗ್ಲೈಕಾಲ್‌ನಲ್ಲಿ ಬಿಸಿ ಮಾಡಿ, ಸೋಸಿ, ಹೈಡ್ರೋಕ್ಲೋರಿಕ್ ಆಮ್ಲದಿಂದ ಟೈಟ್ರೇಟ್ ಮಾಡಿ ಬಿಡಿ ಸುಣ್ಣದ ಪ್ರಮಾಣ ಕಂಡುಹಿಡಿಯುವುದು ಅಲ್ಲಿಯ ನಿತ್ಯದ ಕೆಲಸ. ಸುಣ್ಣದ ಕಲ್ಲಿನ ಕ್ಯಾಲ್ಸಿಯಂ ಅಳೆಯಲು ಇಡಿಟಿಎ ಟೈಟ್ರೇಷನ್ ಮಾಡುತ್ತಾರೆ. ಇವೆರಡರ ಮೂಲತತ್ವವೂ ನಿಮ್ಮ ಪ್ರಾಯೋಗಿಕ ತರಗತಿಗಳಲ್ಲಿ ಬಂದದ್ದೇ. ಸಂದರ್ಶನದಲ್ಲಿ ಕೇಳುವುದು ಸಂವಿಧಾನದ ವಿಧಿಗಳನ್ನಲ್ಲ. ದ್ರಾವಣದ ಸಾಮರ್ಥ್ಯವನ್ನು ಹೇಗೆ ನಿಗದಿ ಮಾಡುವಿರಿ, ಸೂಚಕ ಯಾವುದು, ಬ್ಯುರೆಟ್ ಓದುವಾಗ ಕಣ್ಣು ಯಾವ ಮಟ್ಟದಲ್ಲಿರಬೇಕು ಎಂದು ಕೇಳುತ್ತಾರೆ. ಹಳೆಯ ಪ್ರಾಯೋಗಿಕ ದಾಖಲೆ ಪುಸ್ತಕವನ್ನು ಹುಡುಕಿ ತೆಗೆದು ಹದಿನೈದು ದಿನ ಓದಿರಿ.

ಇನ್ನೊಂದು ದಿಕ್ಕು ಔಷಧ ಕಾರ್ಖಾನೆಗಳದು. ಯಾದಗಿರಿ ಜಿಲ್ಲೆಯ ಕಡೇಚೂರು, ಬೀದರಿನ ಕೊಳಾರ, ಹುಮನಾಬಾದ್, ತೆಲಂಗಾಣದ ಗಡಿ ದಾಟಿದರೆ ಪಟಾನ್‌ಚೆರು. ಅಲ್ಲಿ ಗುಣಮಟ್ಟ ವಿಭಾಗಕ್ಕೆ ಔಷಧದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರ ನಡೆಸುವವರು ಬೇಕಾಗುತ್ತಾರೆ. ಕಡೇಚೂರಿನ ಸುತ್ತಲಿನ ಹಳ್ಳಿಗಳವರು ಹೊಗೆ ಮತ್ತು ನೀರಿನ ಬಗ್ಗೆ ದೂರುತ್ತಲೇ ಇದ್ದಾರೆ, ಅವರ ದೂರಿಗೆ ಕಾರಣವಿದೆ. ಹಾಗಾಗಿ ಸೇರುವ ಮೊದಲು ಸುರಕ್ಷತಾ ಸಲಕರಣೆ, ಹೋಗಿಬರುವ ವಾಹನ, ರಾತ್ರಿ ಪಾಳಿ ಈ ಮೂರನ್ನೂ ಮುಖಾಮುಖಿ ಕೇಳಿರಿ. ನಡುವಿನ ವರ್ಷಗಳನ್ನು ಮರೆಮಾಚಲು ಸುಳ್ಳು ಅನುಭವ ಪತ್ರ ಮಾಡಿಸಬೇಡಿರಿ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೆ ಎಂದು ಒಂದೇ ಸಾಲಿನಲ್ಲಿ ನೇರವಾಗಿ ಬರೆಯಿರಿ, ನಮ್ಮ ಭಾಗದಲ್ಲಿ ಅದು ಯಾರಿಗೂ ಹೊಸದಲ್ಲ. ಕೆಲಸಕ್ಕೆ ಸೇರಿದ ಮೇಲೆ ಕೆ-ಸೆಟ್ ಓದಬಹುದು, ಇತರ ಪರೀಕ್ಷೆಗಳನ್ನೂ ವಯೋಮಿತಿ ಇರುವವರೆಗೆ ಬರೆಯಬಹುದು. ಸಂಬಳ ಬರುತ್ತಿರುವಾಗ ಓದುವವರಿಗೆ ಇಂಥ ದಲ್ಲಾಳಿಗಳ ಮಾತು ತಟ್ಟುವುದಿಲ್ಲ.

ಸೇಡಂ ತಾಲ್ಲೂಕು, ಎಂ.ಎಸ್ಸಿ., 2017: ಓದಿದೆ. ತಂದೆಯವರಿಗೆ ತೋರಿಸುತ್ತೇನೆ.

ಬೀದರ್, ಬಿ.ಇ., 2009: ಮಾರ್ಗದರ್ಶಕರ ಮಾತಿಗೆ ನನ್ನದೊಂದು ಸೇರ್ಪಡೆ ಇದೆ. ನಾನು ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. 371(ಜೆ) ಬಂದ ಮೇಲೆ ನಮ್ಮ ಹುಡುಗರು ಒಂದೇ ಕಡೆ ಕಣ್ಣಿಟ್ಟು ಕುಳಿತುಬಿಟ್ಟಿದ್ದಾರೆ. ನಮ್ಮ ಕಾಲದಲ್ಲಿ ಮೀಸಲಾತಿ ಇರಲಿಲ್ಲ, ಆದ್ದರಿಂದ ಊರು ಬಿಟ್ಟು ಹೋಗಿ ಬದುಕು ಕಟ್ಟಿಕೊಂಡೆವು. ಬಿ.ಎ., ಎಂ.ಎ. ಪದವಿಗಳಿಗೆ ಹೊರಗೆ ಬೆಲೆಯಿಲ್ಲ ಎಂಬುದನ್ನು ಯಾರಾದರೂ ಹೇಳಲೇಬೇಕು.

ಯಾದಗಿರಿ, ಎಂ.ಎ., 2008: ನಾನು ಸರ್ಕಾರಿ ಪದವಿ ಕಾಲೇಜಿನಲ್ಲಿ ಹದಿನಾಲ್ಕು ವರ್ಷಗಳಿಂದ ಅತಿಥಿ ಉಪನ್ಯಾಸಕನಾಗಿದ್ದೇನೆ. ನೀವು ಬೆಲೆಯಿಲ್ಲ ಎನ್ನುವ ಬಿ.ಎ. ತರಗತಿಯಲ್ಲಿ ಕೂರುವವರು ಬೆಳಿಗ್ಗೆ ಹತ್ತಿ ಬಿಡಿಸಿ ಬಸ್ಸು ಹಿಡಿದು ಬರುವ ಹೆಣ್ಣುಮಕ್ಕಳು. ಹೈದರಾಬಾದಿಗೆ ಹೋಗಿ ಕೋಣೆ ಹಿಡಿಯಲು ಅವರ ಮನೆಯಲ್ಲಿ ಹಣವೂ ಇಲ್ಲ, ಒಪ್ಪಿಗೆಯೂ ಇಲ್ಲ. ಮೀಸಲಾತಿಯಿಂದ ಜನ ಸೋಮಾರಿಗಳಾದರು ಎನ್ನುವ ಮೊದಲು ನಮ್ಮ ಭಾಗದಲ್ಲಿ ಎಷ್ಟು ಹುದ್ದೆಗಳು ಖಾಲಿ ಬಿದ್ದಿವೆ ಎಂದು ಕೇಳಿರಿ. ಮೀಸಲಾತಿ ಕಾಗದದಲ್ಲಿದೆ, ನೇಮಕಾತಿ ನಡೆಯುತ್ತಿಲ್ಲ. ಕಾಯುವುದು ಹುಡುಗರ ಚಟವಲ್ಲ.

ಬೀದರ್, ಬಿ.ಇ., 2009: ನಾನು ಸೋಮಾರಿ ಎಂಬ ಪದ ಬಳಸಿಲ್ಲ. ಹದಿನಾಲ್ಕು ವರ್ಷ ಗೌರವಧನಕ್ಕೆ ಕಾದವರು ಬೇರೆಯವರಿಗೆ ಕಾಯಿರಿ ಎಂದು ಕಲಿಸುತ್ತಿರುವುದನ್ನು ಮಾತ್ರ ಹೇಳುತ್ತಿದ್ದೇನೆ.

ಯಾದಗಿರಿ, ಎಂ.ಎ., 2008: ಊರು ಬಿಟ್ಟು ಹೋದವರಿಗೆ ಊರಿನಲ್ಲಿ ಉಳಿದವರ ಬಗ್ಗೆ ಮಾತನಾಡುವ ಹಕ್ಕು ಎಲ್ಲಿಂದ ಬಂತು?

ಕಲಬುರಗಿ, ನಿವೃತ್ತ ಪ್ರಾಧ್ಯಾಪಕರು: ಇಬ್ಬರೂ ಸಮಾಧಾನದಿಂದ ಕೇಳಿರಿ. 1956ಕ್ಕೂ ಮೊದಲು ನಮ್ಮ ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲಿದ್ದಾಗ ಪದವಿ ಬೇಕೆಂದರೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಹೋಗಬೇಕಿತ್ತು, ಅಲ್ಲಿ ಬಹುಕಾಲ ಬೋಧನೆ ಉರ್ದುವಿನಲ್ಲಿತ್ತು. ಇಲ್ಲಿ ವಿಶ್ವವಿದ್ಯಾಲಯ ಬರುವ ಹೊತ್ತಿಗೆ ಮೈಸೂರಿನಲ್ಲಿ ಅದಕ್ಕೆ ಅರವತ್ತು ವರ್ಷ ದಾಟಿತ್ತು. ಅಷ್ಟು ಹಿಂದಿನಿಂದ ಓಡಲು ತೊಡಗಿದವರನ್ನು ಬೆಲೆಯಿಲ್ಲದವರು ಎನ್ನಬಾರದು. ಹಾಗೆಯೇ ಹೊರಗೆ ಹೋಗಿ ದುಡಿದು ತಮ್ಮ ತಂಗಿಯರ ಓದಿಗೆ ಹಣ ಕಳಿಸಿದವರನ್ನು ಪರಕೀಯರು ಎನ್ನಲೂ ಬಾರದು.

ಬೀದರ್, ಬಿ.ಇ., 2009: ಇತಿಹಾಸ ಹೇಳಿ ಎಷ್ಟು ದಿನ ಸಮಾಧಾನ ಮಾಡುತ್ತೀರಿ ಸರ್? ನಿಮಗೆ ಪಿಂಚಣಿ ಬರುತ್ತದೆ.

ಯಾದಗಿರಿ, ಎಂ.ಎ., 2008: ಹಿರಿಯರ ಜೊತೆ ಮಾತನಾಡುವ ರೀತಿಯೇ ಇದು?

ಆಳಂದ, ಎಂ.ಬಿ.ಎ., 2018: ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದಿದ್ದೇನೆ. ಪುಣೆಯ ಕೆಲಸ ಬಿಟ್ಟು ಬಂದು ತಾಯಿಯನ್ನು ನೋಡಿಕೊಳ್ಳಬೇಕಾಗಿದೆ. ಕಲಬುರಗಿಯಲ್ಲಿ ಬೇಳೆ ಮಿಲ್ಲುಗಳನ್ನು ಬಿಟ್ಟರೆ ನನ್ನ ಓದಿಗೆ ಸರಿಯಾದ ಕೆಲಸ ಏನಿದೆ?

ಅಫಜಲಪುರ, ಬಿ.ಎ. ಬಿ.ಇಡಿ., 2014: ನನ್ನದೂ ಒಂದು ಪ್ರಶ್ನೆ. ಬಿ.ಇಡಿ. ಆದವರು ಒಂದರಿಂದ ಐದನೆಯ ತರಗತಿಯ ಹುದ್ದೆಗೂ ಅರ್ಜಿ ಹಾಕಬಹುದು, ಆರು ತಿಂಗಳ ತರಬೇತಿ ಮುಗಿಸಿದರೆ ಸಾಕು ಎಂಬ ಸಂದೇಶ ಬಂದಿದೆ.

ಮಾರ್ಗದರ್ಶಕರು: ಅದು ಹಳೆಯ ಸಂದೇಶ. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಆ ಹುದ್ದೆಗಳಿಗೆ ಬಿ.ಇಡಿ. ಅರ್ಹತೆಯಲ್ಲ ಎಂದು ತೀರ್ಪು ನೀಡಿದೆ. ಆರರಿಂದ ಎಂಟನೆಯ ತರಗತಿಯ ಪದವೀಧರ ಶಿಕ್ಷಕರ ಹುದ್ದೆಗೆ ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿ ಬರೆಯಿರಿ. ಬಂದದ್ದನ್ನೆಲ್ಲ ಹಾಗೆಯೇ ಮುಂದಕ್ಕೆ ದಾಟಿಸುವವರಿಗೆ ಒಂದು ಮಾತು ಹೇಳಬೇಕಾಗಿದೆ: ಆ ಒಂದು ಸಂದೇಶವನ್ನು ನಂಬಿ ಒಂದು ವರ್ಷ ಓದಿದವರ ಆ ವರ್ಷವನ್ನು ನೀವು ಮರಳಿ ಕೊಡಲಾರಿರಿ.

ಸುರಪುರ, ಬಿ.ಎ., 2024: ಯುವನಿಧಿ ಎರಡು ತಿಂಗಳಿಂದ ನಿಂತಿದೆ. ಏನು ಮಾಡಬೇಕು?

ಮಾರ್ಗದರ್ಶಕರು: ಇನ್ನೂ ನಿರುದ್ಯೋಗಿ ಎಂಬ ಸ್ವಯಂ ಘೋಷಣೆ ಸಲ್ಲಿಸಿದ್ದೀರಾ ನೋಡಿರಿ.

ಭಾಲ್ಕಿ, ಎಂ.ಎ., 2015: ಪಿಎಚ್.ಡಿ. ಸಂಸ್ಥೆಯವರು ಕರೆ ಮಾಡಿ, ಈ ಗುಂಪಿನಲ್ಲಿ ಹೇಳಿದ್ದು ತಪ್ಪು, ತಮಗೆ ವಿದೇಶಿ ವಿಶ್ವವಿದ್ಯಾಲಯದ ಒಪ್ಪಂದವಿದೆ ಎಂದರು. ಈ ವಾರ ಸೇರಿದರೆ ಇಪ್ಪತ್ತು ಸಾವಿರ ರಿಯಾಯಿತಿ ಕೊಡುತ್ತಾರಂತೆ.

ಮಾರ್ಗದರ್ಶಕರು: ಇದೇ ಪ್ರಶ್ನೆಗೆ ಮತ್ತೆ ಉತ್ತರಿಸುವುದಿಲ್ಲ.

ಬೀದರ್, ಬಿ.ಇ., 2009: ನನ್ನ ಮಾತಿಗೆ ಮಾರ್ಗದರ್ಶಕರು ಏನೂ ಹೇಳಲಿಲ್ಲ. ಪದವಿಗಳ ಬೆಲೆಯ ಬಗ್ಗೆ ಅವರ ಅಭಿಪ್ರಾಯವೇನು?

ಮಾರ್ಗದರ್ಶಕರು: ನೀವು ಬೀದರಿನಿಂದ ಹೊರಟಾಗ ನಿಮ್ಮ ಕೈಯಲ್ಲಿ ಎಂಜಿನಿಯರಿಂಗ್ ಪದವಿ ಇತ್ತು, ಹೈದರಾಬಾದಿಗೆ ಬಸ್ಸು ಇತ್ತು, ಮನೆಯವರು ಕಳಿಸಿದರು. ಇಷ್ಟು ಕೂಡಿಬಂದವರು ಹೋದರು, ಹೋದದ್ದು ಒಳ್ಳೆಯದೇ ಆಯಿತು. ಕೂಡಿಬರದವರಿಗೆ ಪದವಿಯ ಬೆಲೆ ಏನು ಎಂದು ಕೇಳುವುದರಿಂದ ಏನೂ ಸಿಗುವುದಿಲ್ಲ. ಅವರಿಗೆ ಇಲ್ಲಿ, ಐವತ್ತು ಕಿಲೋಮೀಟರಿನೊಳಗೆ ಏನಿದೆ ಎಂದು ನಾನು ಹುಡುಕುತ್ತೇನೆ. ಯಾದಗಿರಿಯ ಉಪನ್ಯಾಸಕರಿಗೂ ಹೇಳಬೇಕಾದದ್ದಿದೆ: ಖಾಲಿ ಹುದ್ದೆಗಳ ಬಗ್ಗೆ ನಿಮ್ಮ ಸಿಟ್ಟು ನ್ಯಾಯವಾದದ್ದು, ಆದರೆ ನಿಮ್ಮ ವಿದ್ಯಾರ್ಥಿನಿಯರಿಗೆ ಪರೀಕ್ಷೆಯ ಜೊತೆಗೆ ಎರಡನೆಯ ದಾರಿಯನ್ನೂ ಮೂರನೆಯ ಸೆಮಿಸ್ಟರಿನಲ್ಲೇ ತೋರಿಸಿರಿ. ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ನನ್ನ ಬಳಿ ಬಂದಾಗ ತಡವಾಗಿರುತ್ತದೆ. ಈ ವಾದವನ್ನು ಇಬ್ಬರೂ ಇಲ್ಲಿಗೆ ನಿಲ್ಲಿಸಿರಿ.

ಯಾದಗಿರಿ, ಎಂ.ಎ., 2008: ನನ್ನಂತೆ ಗೌರವಧನದಲ್ಲಿ ಬದುಕುವವನಿಗೆ ಉಪದೇಶ ಮಾಡುವುದು ಸುಲಭ. ನಾನು ಈ ಗುಂಪಿನಿಂದ ಹೊರಡುತ್ತೇನೆ.

ನಿರ್ವಾಹಕರು: ವೈಯಕ್ತಿಕ ಮಾತುಗಳನ್ನು ಅಳಿಸಲಾಗುವುದು. ಇನ್ನು ಮುಂದೆ ಪ್ರಶ್ನೆಗಳು ಮಾತ್ರ ಇರಲಿ.

ಸೇಡಂ ತಾಲ್ಲೂಕು, ಎಂ.ಎಸ್ಸಿ., 2017: ತಂದೆಯವರು ಪೂರ್ತಿ ಓದಿಸಿಕೊಂಡರು. ಹೊಲದ ಕಾಗದಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಾರೆ. ಆ ಮನುಷ್ಯನಿಗೆ ಫೋನ್ ಮಾಡಿದೆವು. ಐವತ್ತು ಸಾವಿರ ಕೊಟ್ಟರೆ ಅಂಕಪಟ್ಟಿ ಮರಳಿಸುತ್ತೇನೆ, ನಾಳೆ ಸಂಜೆ ಬಸ್ ನಿಲ್ದಾಣದ ಹತ್ತಿರ ನೀವೊಬ್ಬರೇ ಬನ್ನಿ ಎಂದಿದ್ದಾನೆ. ಕೊಟ್ಟು ಮುಗಿಸಿಬಿಡೋಣ ಎಂದು ಅಣ್ಣ ಹೇಳುತ್ತಿದ್ದಾನೆ.

ಮಾರ್ಗದರ್ಶಕರು: ಹೋಗಬೇಡಿರಿ, ಹಣವನ್ನೂ ಕೊಡಬೇಡಿರಿ. ಅವನು ಕರೆದ ಸಮಯ ಮತ್ತು ಸ್ಥಳವನ್ನು ಈಗಲೇ ಬರೆದಿಟ್ಟುಕೊಳ್ಳಿರಿ. ಮಾತನಾಡಿದ್ದು ರೆಕಾರ್ಡ್ ಆಗಿದ್ದರೆ ಅದನ್ನು ಅಣ್ಣನ ಫೋನಿಗೂ ಕಳಿಸಿ ಉಳಿಸಿರಿ. ಬೆಳಿಗ್ಗೆ ತಂದೆ ಮತ್ತು ಅಣ್ಣ ಇಬ್ಬರೂ ಜೊತೆಗಿದ್ದು ಮೊದಲು ಠಾಣೆಗೆ, ಅಲ್ಲಿಂದ ಬ್ಯಾಂಕಿಗೆ ಹೋಗಿರಿ. ಠಾಣೆಯಲ್ಲಿ ದೂರು ತೆಗೆದುಕೊಳ್ಳಲು ಹಿಂಜರಿದರೆ ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ ರಶೀದಿ ಇಟ್ಟುಕೊಳ್ಳಿರಿ. ಮೂಲ ಪ್ರತಿಗಳು ಬರುವವರೆಗೆ ಕಾರ್ಖಾನೆಗಳಿಗೆ ಅರ್ಜಿ ಹಾಕುವುದನ್ನು ನಿಲ್ಲಿಸಬೇಡಿರಿ, ಮೊದಲ ಹಂತದಲ್ಲಿ ನಕಲು ಪ್ರತಿ ಸಾಕಾಗುತ್ತದೆ. ನಿಮ್ಮ ಸ್ವವಿವರವನ್ನು ಬರೆದು ನಿರ್ವಾಹಕರ ಮೂಲಕ ಕಳಿಸಿರಿ, ಬುಧವಾರದೊಳಗೆ ತಿದ್ದಿ ಕೊಡುತ್ತೇನೆ.